ವಿನ್ಸೆಂಟ್ ಚಿನ್ ಚಿತ್ರ ನಮ್ಮವರಿಗೆ ತೋರಿಸೋಣ ಅಂತಿದ್ದೇನೆ, ಬೇಡ ಅನ್ನುವವರೂ ಇದ್ದಾರೆ

ವುಡ್‌ವರ್ಡ್ ವಾಸಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಇಟ್ಕೊಂಡು ಓದಿ.

ನಾನು ಡೆಟ್ರಾಯಿಟ್ ಪಕ್ಕದ ಊರಿಗೆ ಬಂದು ಹನ್ನೊಂದು ವರ್ಷ ಆಯಿತು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ದಿನಾ ಓಡಾಡುವುದು ವುಡ್‌ವರ್ಡ್ ಅವೆನ್ಯೂ ಮೇಲೆ. ಫರ್ನ್‌ಡೇಲ್‌ನಲ್ಲಿ ಈ ರಸ್ತೆಗೆ ನೈನ್ ಮೈಲ್ ರಸ್ತೆ ಸೇರುವ ಕಡೆ ಒಂದು ಫಲಕ ಇದೆ. 2010ರಲ್ಲಿ ನಿಲ್ಲಿಸಿದ್ದು. ಆ ಸಿಗ್ನಲ್‌ನಲ್ಲಿ ಎಷ್ಟು ಸಲ ನಿಂತಿದ್ದೇನೋ ಲೆಕ್ಕ ಇಲ್ಲ, ಒಂದು ಸಲವೂ ಓದಿರಲಿಲ್ಲ. ಹೋದ ತಿಂಗಳು ಅಲ್ಲೇ ಟೈರ್ ಪಂಕ್ಚರ್ ಆಯಿತು. ಟೋ ಗಾಡಿ ಬರುವ ತನಕ ಸುಮ್ನೆ ನಿಲ್ಲಬೇಕಿತ್ತು. ಆಗ ಓದಿದೆ. ವಿನ್ಸೆಂಟ್ ಚಿನ್ ಅನ್ನುವ ಚೀನೀ ಮೂಲದ ಹುಡುಗನ ಹೆಸರು.

ಮನೆಗೆ ಬಂದು ಅವನ ಮೇಲೆ ಮಾಡಿದ ಸಾಕ್ಷ್ಯಚಿತ್ರ ಹುಡುಕಿ ನೋಡಿದೆ. 'ಹೂ ಕಿಲ್ಡ್ ವಿನ್ಸೆಂಟ್ ಚಿನ್?' ಅಂತ. ಕ್ರಿಸ್ಟೀನ್ ಚಾಯ್ ಮತ್ತು ರೆನೀ ತಜಿಮಾ-ಪೆನ್ಯಾ ಮಾಡಿದ್ದು. ಆಸ್ಕರ್‌ಗೆ ನಾಮನಿರ್ದೇಶನ ಆಗಿತ್ತು. 2021ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೂ ಸೇರಿದೆ.

ಗೊತ್ತಿಲ್ಲದವರಿಗೆ ಕಥೆ ಇಷ್ಟು. 1982ರ ಜೂನ್ 19ರ ರಾತ್ರಿ. ವಿನ್ಸೆಂಟ್‌ಗೆ 27 ವರ್ಷ. ಹಗಲು ಡ್ರಾಫ್ಟ್ಸ್‌ಮನ್ ಕೆಲಸ, ವಾರಾಂತ್ಯದಲ್ಲಿ ಫರ್ನ್‌ಡೇಲ್‌ನ ಗೋಲ್ಡನ್ ಸ್ಟಾರ್ ಹೋಟೆಲಿನಲ್ಲಿ ವೇಟರ್. ಇನ್ನು 9 ದಿನಕ್ಕೆ ಮದುವೆ. ಗೆಳೆಯರು ಹೈಲ್ಯಾಂಡ್ ಪಾರ್ಕ್‌ನ ಒಂದು ಡ್ಯಾನ್ಸ್ ಬಾರಿಗೆ ಪಾರ್ಟಿಗೆ ಕರೆದುಕೊಂಡು ಹೋದರು. ಎದುರಿಗೆ ರೊನಾಲ್ಡ್ ಎಬೆನ್ಸ್ ಕೂತಿದ್ದ. ಕ್ರೈಸ್ಲರ್ ಕಾರ್ಖಾನೆಯ ಮೇಲ್ವಿಚಾರಕ. ಜೊತೆಗೆ ಅವನ ಹೆಂಡತಿಯ ಮಗ ಮೈಕಲ್ ನಿಟ್ಜ್, ಕೆಲಸ ಕಳೆದುಕೊಂಡಿದ್ದವನು. ನಿಮ್ಮಂಥವರಿಂದಲೇ ನಮಗೆ ಕೆಲಸ ಇಲ್ಲ ಅಂತ ಎಬೆನ್ಸ್ ಬೈದದ್ದನ್ನು ಅಲ್ಲಿ ಕುಣಿಯುತ್ತಿದ್ದ ಹೆಂಗಸು ಕೇಳಿಸಿಕೊಂಡಳು. ಜಗಳ ಆಯಿತು. ಹೊರಗೆ ಹಾಕಿದರು. ಆಮೇಲೆ ಅಪ್ಪ ಮಗ ಇಬ್ಬರೂ ಕಾರಿನಲ್ಲಿ ಹುಡುಕಿಕೊಂಡು ಹೋಗಿ, ವುಡ್‌ವರ್ಡ್ ಮೇಲಿನ ಮೆಕ್‌ಡೊನಾಲ್ಡ್ಸ್ ಮುಂದೆ ಅವನನ್ನು ಹಿಡಿದರು. ಒಬ್ಬ ಹಿಡಿದುಕೊಂಡ, ಇನ್ನೊಬ್ಬ ಬೇಸ್‌ಬಾಲ್ ಬ್ಯಾಟಿನಲ್ಲಿ ತಲೆಗೆ ಹೊಡೆದ. ನಾಲ್ಕು ದಿನಕ್ಕೆ, ಜೂನ್ 23ಕ್ಕೆ, ಪ್ರಾಣ ಹೋಯಿತು. ಮದುವೆ ಊಟಕ್ಕೆ ಬರಬೇಕಿದ್ದವರು ಮಣ್ಣಿಗೆ ಬಂದರು.

ಇಬ್ಬರೂ ಒಂದು ದಿನವೂ ಜೈಲು ಶಿಕ್ಷೆ ಅನುಭವಿಸಲಿಲ್ಲ. ನ್ಯಾಯಾಧೀಶ ಚಾರ್ಲ್ಸ್ ಕಾಫ್‌ಮನ್ ಕೊಟ್ಟದ್ದು 3 ವರ್ಷದ ಪ್ರೊಬೇಷನ್ (ಜೈಲಿಗೆ ಹೋಗದೆ ಕೋರ್ಟಿನ ನಿಗಾದಲ್ಲಿ ಹೊರಗೇ ಇರುವುದು), 3,000 ಡಾಲರ್ ದಂಡ, ಮೇಲೆ ಕೋರ್ಟ್ ಖರ್ಚು 780. ಇವರು ಜೈಲಿಗೆ ಕಳಿಸುವಂಥ ಜನ ಅಲ್ಲ ಅಂದರಂತೆ.

ಇದನ್ನು ನಮ್ಮ ಕನ್ನಡ ಕೂಟದಲ್ಲಿ ತೋರಿಸೋಣ ಅಂತ ಕೇಳಿದೆ. "ಯುಗಾದಿ ಕಾರ್ಯಕ್ರಮದಲ್ಲಿ ಸಾವಿನ ವಿಷಯ ಯಾಕೆ? ಅದೂ ಚೈನಾದವನದು" ಅಂದರು ಒಬ್ಬರು. ಇನ್ನೊಬ್ಬರು ಒಳ್ಳೆಯವರೇ, ಅವರು ಹೇಳಿದ್ದು ಹೀಗೆ: "ಪಾಪ, ಜಪಾನಿನವನು ಅಂತ ತಪ್ಪು ತಿಳಿದು ಹೊಡೆದರು."

ಆ 'ತಪ್ಪು ತಿಳಿದು' ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಸರಿಯಾಗಿ ತಿಳಿದು, ನಿಜವಾದ ಜಪಾನಿನವನಿಗೇ ಹೊಡೆದಿದ್ದರೆ?

ಏನಂತೀರಿ? ತೋರಿಸಬೇಕಾ? ತೋರಿಸಿದರೆ ಹೇಗೆ?

ಕಾಫಿಪುಡಿ

ಒಳ್ಳೆ ವಿಷಯ. ಆದರೆ ನೇರವಾಗಿ ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಬಾರಿನಲ್ಲಿ ಕುಡಿದು ಆದ ಜಗಳ ಇದು, ಅಲ್ವಾ? ಅಂಥ ಜಾಗಕ್ಕೆ ಮದುವೆ ಹುಡುಗ ಯಾಕೆ ಹೋಗಬೇಕಿತ್ತು? ಮಕ್ಕಳು ಕೂರುವ ಕೂಟದಲ್ಲಿ ಇದನ್ನೆಲ್ಲ ವಿವರಿಸುವುದು ಕಷ್ಟ. ನಲವತ್ತು ವರ್ಷ ಮೇಲಾಯಿತು, ಈಗ ಕೆದಕಿ ಏನು ಪ್ರಯೋಜನ?

ಲಾಯರ್ ಸೊಸೆ

ಕಾಫಿಪುಡಿಯವರೇ, ಬಾರಿನ ಜಗಳ ಬಾರಿನಲ್ಲೇ ಮುಗಿದಿತ್ತು. ಅದು ಮುಗಿದ ಮೇಲೆ ಆದದ್ದನ್ನು ನೋಡಿ. ಅವರಿಬ್ಬರೂ ಇಪ್ಪತ್ತು ನಿಮಿಷಕ್ಕೂ ಜಾಸ್ತಿ ಹೊತ್ತು ಕಾರಿನಲ್ಲಿ ಸುತ್ತಿದ್ದಾರೆ. ದಾರಿಯಲ್ಲಿ ಸಿಕ್ಕಿದವನೊಬ್ಬನಿಗೆ ಆ ಚೀನೀಯನನ್ನು ಹುಡುಕಿಕೊಡು ಅಂತ 20 ಡಾಲರ್ ಆಸೆ ತೋರಿಸಿದ್ದಾರೆ. ಅವನೇ ಕೋರ್ಟಿನಲ್ಲಿ ಹೇಳಿದ್ದು. ಕುಡಿದ ಸಿಟ್ಟು ಇಷ್ಟು ಹೊತ್ತು ಪೆಟ್ರೋಲ್ ಸುಟ್ಟುಕೊಂಡು ಹುಡುಕುತ್ತದಾ? ಹೊಡೆಯುವಾಗ ಅಲ್ಲಿ ಕಾವಲು ಕೆಲಸಕ್ಕೆ ಬಂದಿದ್ದ ಇಬ್ಬರು ಪೊಲೀಸರು ಕಣ್ಣಾರೆ ನೋಡಿದ್ದಾರೆ.

ಆದರೆ ಕಾನೂನಿನ ಕಥೆಯನ್ನು ಪೂರ್ತಿ ಹೇಳಬೇಕು, ನಮಗೆ ಬೇಕಾದಷ್ಟು ಮಾತ್ರ ಅಲ್ಲ. ಮೊದಲು ಕೊಲೆ ಆರೋಪ ಹಾಕಿದ್ದರು. ಆಮೇಲೆ ಒಪ್ಪಂದದಲ್ಲಿ ಅದನ್ನು ಇಳಿಸಿದರು. 1983ರ ಮಾರ್ಚ್ 16ರಂದು ಶಿಕ್ಷೆ ಹೇಳುವ ದಿನ ಸರಕಾರಿ ವಕೀಲರೇ ಕೋರ್ಟಿನಲ್ಲಿ ಇರಲಿಲ್ಲ. ತಾಯಿ ಲಿಲಿ ಚಿನ್‌ಗೆ ಯಾರೂ ತಿಳಿಸಿಯೂ ಇರಲಿಲ್ಲ. ಆಮೇಲೆ ಜನ ಎದ್ದು ನಿಂತ ಕಾರಣಕ್ಕೆ ಕೇಂದ್ರ ಸರಕಾರ, ಜನಾಂಗದ ಕಾರಣಕ್ಕೆ ಕೊಂದರು ಅಂತ, ನಾಗರಿಕ ಹಕ್ಕಿನ ಕೇಸು ಹಾಕಿತು. 1984ರಲ್ಲಿ ಎಬೆನ್ಸ್ ತಪ್ಪಿತಸ್ಥ ಅಂತ ಆಗಿ 25 ವರ್ಷದ ಶಿಕ್ಷೆ ಬಂತು. ನಿಟ್ಜ್ ಖುಲಾಸೆ ಆದ. 1986ರಲ್ಲಿ ಮೇಲಿನ ಕೋರ್ಟು ಎಬೆನ್ಸ್ ಶಿಕ್ಷೆಯನ್ನೂ ರದ್ದು ಮಾಡಿತು. ಸಾಕ್ಷಿಗಳಿಗೆ ಚಿನ್ ಪರ ಹೋರಾಡುತ್ತಿದ್ದ ವಕೀಲೆ ಮೊದಲೇ ಹೇಳಿಕೊಟ್ಟಿದ್ದರು ಅನ್ನುವ ಆರೋಪದ ಟೇಪುಗಳನ್ನು ಜೂರಿಗೆ ಕೇಳಿಸಬೇಕಿತ್ತು ಅನ್ನುವುದು ಒಂದು ಮುಖ್ಯ ಕಾರಣ. ಮರುವಿಚಾರಣೆ ಸಿನ್ಸಿನಾಟಿಗೆ ಹೋಯಿತು. 1987ರಲ್ಲಿ ಅಲ್ಲಿನ ಜೂರಿ ಅವನನ್ನೂ ಬಿಟ್ಟಿತು.

ಅಂದರೆ ಹೊಡೆದು ಕೊಂದದ್ದನ್ನು ಅವನು ಒಪ್ಪಿಕೊಂಡಿದ್ದಾನೆ. ಜನಾಂಗದ ಕಾರಣಕ್ಕೆ ಕೊಂದ ಅನ್ನುವುದು ಮಾತ್ರ ಕೊನೆಗೆ ಕೋರ್ಟಿನಲ್ಲಿ ನಿಲ್ಲಲಿಲ್ಲ. ಚಿತ್ರ ತೋರಿಸುವಾಗ ಇದನ್ನು ಮುಚ್ಚಿಡಬೇಡಿ. ಯಾರಾದರೂ ಎದ್ದು ಕೇಳಿಯೇ ಕೇಳುತ್ತಾರೆ.

ಟೂಲ್‌ರೂಮ್ ತಾತ

ನಾನು 1979ರಲ್ಲಿ ಇಲ್ಲಿಗೆ ಬಂದವನು. ಆ ದಿನಗಳು ಹೇಗಿದ್ದವು ಅಂತ ಹೇಳಿದರೆ ಈಗಿನ ಮಕ್ಕಳು ನಂಬುವುದಿಲ್ಲ.

ಪೆಟ್ರೋಲ್ ಬೆಲೆ ಏರಿತ್ತು. ದೊಡ್ಡ ಅಮೆರಿಕನ್ ಕಾರು ಯಾರಿಗೂ ಬೇಡ, ಕಮ್ಮಿ ಕುಡಿಯುವ ಜಪಾನಿ ಕಾರು ಬೇಕು. ಕ್ರೈಸ್ಲರ್ ಮುಳುಗುವುದರಲ್ಲಿತ್ತು, ಸರಕಾರ ಸಾಲಕ್ಕೆ ಜಾಮೀನು ನಿಂತು ಉಳಿಸಿತು. ಪ್ರತಿ ಶುಕ್ರವಾರ ಯಾರ ಕೆಲಸ ಹೋಗುತ್ತದೋ ಅನ್ನುವ ಭಯ. ಜಪಾನಿ ಕಾರನ್ನು ಮೈದಾನದಲ್ಲಿ ನಿಲ್ಲಿಸಿ ಸುತ್ತಿಗೆಯಿಂದ ಒಡೆಯುವುದು ಒಂದು ಆಟ ಆಗಿತ್ತು. ದುಡ್ಡು ಕೊಟ್ಟು ಒಂದೊಂದು ಏಟು ಹಾಕುತ್ತಿದ್ದರು. ಟಿವಿಯಲ್ಲೂ ತೋರಿಸುತ್ತಿದ್ದರು, ನಗುತ್ತಾ.

ನಮ್ಮ ಶಾಪಿನಲ್ಲಿ ಒಬ್ಬ ನನ್ನನ್ನು ಹಿಂದಿನಿಂದ ನೋಡಿ 'ಜಾಪ್' ಅಂತ ಕೂಗಿದ್ದ. ತಿರುಗಿದೆ. ಮುಖ ನೋಡಿ "ಓ, ನೀನಾ, ಸಾರಿ" ಅಂದ. ನಾನೂ ನಕ್ಕೆ. ಪರವಾಗಿಲ್ಲ ಅಂದೆ. ಆ ನಗು ಯಾಕೆ ನಕ್ಕೆ ಅಂತ ನಲವತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ವುಡ್‌ವರ್ಡ್ ವಾಸಿ, ನೀವು ಹೇಳಿದ 'ತಪ್ಪು ತಿಳಿದು' ಅನ್ನುವುದು ಅದೇ. ನಾನು ಅವನಲ್ಲ, ಆದ್ದರಿಂದ ನನ್ನನ್ನು ಬಿಡಿ, ಅಂದ ಹಾಗೆ ಆಯಿತು ಆ ನಗು.

ಇನ್ನೊಂದು. ಎಬೆನ್ಸ್‌ನ ಕೆಲಸ ಹೋಗಿರಲಿಲ್ಲ. ಹೈಲ್ಯಾಂಡ್ ಪಾರ್ಕ್ ಅಂದರೆ ಫೋರ್ಡ್ ಮೊದಲ ಸಲ ಓಡುವ ಅಸೆಂಬ್ಲಿ ಲೈನ್ ಹಾಕಿದ ಊರು, ಆಗ ಕ್ರೈಸ್ಲರ್ ಮುಖ್ಯ ಕಚೇರಿಯೂ ಅಲ್ಲೇ ಇತ್ತು. ಕಾರಿನ ಊರಿನ ನಡುವೆ, ಕಾರಿನ ಸಿಟ್ಟು, ಕಾರಿಗೆ ಸಂಬಂಧವೇ ಇಲ್ಲದವನ ತಲೆ ಮೇಲೆ.

3,000 ಡಾಲರಿಗೆ ಆಗ ಒಂದು ಹೊಸ ಕಾರೂ ಬರುತ್ತಿರಲಿಲ್ಲ.

ಹಾಸನದ ಮಳೆ

ತಾತ, ಓದಿ ಮೈ ಜುಮ್ಮೆಂದಿತು.

ಚಿತ್ರದಲ್ಲಿ ಏನಿದೆ ಅಂತ ಸ್ವಲ್ಪ ಹೇಳ್ತೀರಾ ಯಾರಾದರೂ? ಬರೀ ಅಳುವ ಚಿತ್ರವಾದರೆ ನಮ್ಮ ಜನ ಅರ್ಧಕ್ಕೇ ಎದ್ದು ಊಟದ ಸಾಲಿಗೆ ಹೋಗುತ್ತಾರೆ. ಅನುಭವದ ಮಾತು.

ವುಡ್‌ವರ್ಡ್ ವಾಸಿ

ಹಹ್ಹ, ಊಟದ ಸಾಲಿನ ವಿಷಯ ನಿಜ.

ಚಿತ್ರ ಸುಮಾರು ಒಂದೂವರೆ ಗಂಟೆ. ಹಿನ್ನೆಲೆಯಲ್ಲಿ ಒಂದು ದನಿ ಬಂದು ಇವನು ಕೆಟ್ಟವನು, ಇವನು ಒಳ್ಳೆಯವನು ಅಂತ ಹೇಳುವುದೇ ಇಲ್ಲ. ಟಿವಿ ಸುದ್ದಿಯ ತುಣುಕು, ಬಾರು, ಹಾಡು, ಪೊಲೀಸರು, ಅಕ್ಕಪಕ್ಕದವರು, ಎಲ್ಲ ಒಂದರ ಮೇಲೊಂದು ಬರುತ್ತವೆ. ನನಗೆ ನಿದ್ದೆ ಕೆಡಿಸಿದ್ದು ಎಬೆನ್ಸ್ ಸ್ವತಃ ಕೂತು ಮಾತಾಡುವ ಭಾಗ. ಅವನು ರಾಕ್ಷಸನ ಹಾಗೆ ಕಾಣುವುದಿಲ್ಲ. ಪಕ್ಕದ ಮನೆಯ ಅಂಕಲ್ ಹಾಗೆ ಕಾಣುತ್ತಾನೆ. ಸಮಾಧಾನವಾಗಿ ಮಾತಾಡುತ್ತಾನೆ. ಅದೇನೋ ಆಗಿಹೋಯಿತು ಅನ್ನುವ ಧಾಟಿ. ಅವನ ಮಾತು ಮುಗಿದ ಮೇಲೆ ಲಿಲಿ ಚಿನ್ ಮುಖ ಬಂದರೆ ಯಾರೂ ಏನೂ ವಿವರಿಸಬೇಕಿಲ್ಲ.

ನಮ್ಮಮ್ಮ ಊರಿಂದ ಬಂದಿದ್ದಾರೆ, ಜೊತೆಗೆ ಕೂತು ನೋಡಿದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಲಿಲಿ ಚಿನ್‌ಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಆಕೆ ಮೈಕಿನ ಮುಂದೆ ನಿಂತು, ತಡವರಿಸಿ, ಅಳುತ್ತಾ, ನನ್ನ ಮಗನಿಗೆ ನ್ಯಾಯ ಬೇಕು ಅನ್ನುವಾಗ ನಾನು ಅನುವಾದ ಮಾಡಲು ಹೋದೆ. ಅಮ್ಮ ಕೈ ಎತ್ತಿ ಸುಮ್ಮನಿರಿಸಿದರು. "ಗೊತ್ತಾಯ್ತು ಬಿಡು" ಅಂದರು.

ಆ ತಾಯಿಯ ಬಗ್ಗೆ ಓದಿದ್ದೇನೆ. ಗರ್ಭಪಾತವಾಗಿ ಮಕ್ಕಳಾಗದೆ, 1961ರಲ್ಲಿ ಚೀನಾದಿಂದ ವಿನ್ಸೆಂಟ್‌ನನ್ನು ದತ್ತು ತಂದವರು. ಗಂಡ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು, ಲಾಂಡ್ರಿಯಲ್ಲಿ ದುಡಿದವರು. 1981ರಲ್ಲಿ ಗಂಡ ಹೋದರು, ಮರು ವರ್ಷ ಮಗ. ಕೇಸೆಲ್ಲ ಸೋತ ಮೇಲೆ 1987ರಲ್ಲಿ ಆಕೆ ಚೀನಾಕ್ಕೆ ವಾಪಸ್ ಹೊರಟುಹೋದರು. ಕೊನೆಗೆ ಚಿಕಿತ್ಸೆಗೆ ಅಂತ ಮಿಶಿಗನ್‌ಗೆ ಬಂದು 2002ರ ಜೂನ್‌ನಲ್ಲಿ ತೀರಿಕೊಂಡರು.

ಕಾಫಿಪುಡಿ

ಸರಿ, ಬಾರಿಗೆ ಯಾಕೆ ಹೋದ ಅಂದದ್ದು ನನ್ನ ತಪ್ಪು. ನಮ್ಮ ಮಗನ ಪಾರ್ಟಿಗೂ ಹುಡುಗರು ಎಲ್ಲೆಲ್ಲಿಗೆ ಹೋಗಿದ್ದರು ಅಂತ ನನಗೆ ಗೊತ್ತಿದೆ. ವಾಪಸ್ ತಗೊಂಡೆ.

ಆದರೆ ನನ್ನ ಇನ್ನೊಂದು ಪ್ರಶ್ನೆ ಹಾಗೇ ಇದೆ. ಚಿತ್ರ ನೋಡಿ, ಬೇಜಾರು ಮಾಡಿಕೊಂಡು, ಬಿಸಿಬೇಳೆ ಬಾತ್ ತಿಂದು ಮನೆಗೆ ಹೋದರೆ ಏನಾಯಿತು? ನೆನಪು ಅಂದರೆ ಇಷ್ಟೇನಾ?

ಲಾಯರ್ ಸೊಸೆ

ಇದು ಒಳ್ಳೆ ಪ್ರಶ್ನೆ. ಉತ್ತರ ಆ ಕೇಸಿನಲ್ಲೇ ಇದೆ.

ತೀರ್ಪು ಬಂದ ನಾಲ್ಕೇ ದಿನಕ್ಕೆ ಒಂದಷ್ಟು ಜನ ಸೇರಿದರು. ಎಲ್ಲಿ ಗೊತ್ತಾ? ವಿನ್ಸೆಂಟ್ ವೇಟರ್ ಆಗಿದ್ದ ಅದೇ ಗೋಲ್ಡನ್ ಸ್ಟಾರ್ ಹೋಟೆಲಿನಲ್ಲಿ. ಅವರಲ್ಲಿ ಹೆಲೆನ್ ಜಿಯಾ ಇದ್ದರು. ವೈದ್ಯಕೀಯ ಓದು ಬಿಟ್ಟು ಕ್ರೈಸ್ಲರ್‌ನಲ್ಲಿ ಪ್ರೆಸ್ ಮೆಷಿನ್ ಮೇಲೆ ಕೆಲಸ ಮಾಡಿ, ಲೇ-ಆಫ್ ಆಗಿದ್ದವರು, ಆಮೇಲೆ ಪತ್ರಕರ್ತೆ. ಅಂದರೆ ಕಾರಿನ ಕೆಲಸ ಕಳೆದುಕೊಂಡ ನೋವು ಆಕೆಗೂ ಗೊತ್ತು! ವಕೀಲೆ ಲೀಜಾ ಚಾನ್ ಇದ್ದರು. ಆ ತಿಂಗಳ ಕೊನೆಗೆ ಅಮೆರಿಕನ್ ಸಿಟಿಜನ್ಸ್ ಫಾರ್ ಜಸ್ಟಿಸ್ ಅನ್ನುವ ಸಂಘ ಹುಟ್ಟಿತು. ಮೇ 9ಕ್ಕೆ ಡೆಟ್ರಾಯಿಟ್‌ನ ಕೆನಡಿ ಚೌಕದಲ್ಲಿ ನೂರಾರು ಜನ ನಿಂತರು. ಹೋಟೆಲಿನ ಅಡುಗೆಯವರು, ಎಂಜಿನಿಯರುಗಳು, ಅಜ್ಜಿಯರು. ಮುಖ್ಯವಾಗಿ, ಚೀನೀಯರು ಮಾತ್ರ ಅಲ್ಲ. ಜಪಾನಿ ಮೂಲದವರು, ಕೊರಿಯನ್ನರು, ಫಿಲಿಪಿನೋಗಳು ಎಲ್ಲ ಒಂದೇ ಬ್ಯಾನರ್ ಹಿಂದೆ. ಊರಲ್ಲಿ ಇವರ ಅಜ್ಜ-ಮುತ್ತಜ್ಜಂದಿರು ಯುದ್ಧ ಮಾಡಿಕೊಂಡ ದೇಶಗಳವರು.

ಆಗ ಎಷ್ಟೋ ಕಾನೂನು ಪಂಡಿತರೇ ನಾಗರಿಕ ಹಕ್ಕಿನ ಕಾನೂನು ನಿಮಗೆಲ್ಲ ಅನ್ವಯಿಸುವುದಿಲ್ಲ ಅಂದಿದ್ದರು. ಇವರು ಬಿಡಲಿಲ್ಲ. ಶಿಕ್ಷೆ ಹೇಳುವ ದಿನ ಸತ್ತವರ ಮನೆಯವರಿಗೂ ಮಾತಾಡುವ ಹಕ್ಕು ಇರಬೇಕು ಅನ್ನುವ ಕೂಗಿಗೆ ಈ ಕೇಸು ದೊಡ್ಡ ಬಲ ಕೊಟ್ಟಿತು.

ಚಿತ್ರ ಬಂದದ್ದು ಇದೆಲ್ಲ ಶುರುವಾದ ಮೇಲೆ. ಮೊದಲು ಹೋಟೆಲಿನ ಟೇಬಲ್, ಆಮೇಲೆ ಕ್ಯಾಮೆರಾ. ನಾವು ಈ ಕ್ರಮ ಮರೆತು, ಚಿತ್ರ ತೋರಿಸಿಬಿಟ್ಟರೆ ಎಲ್ಲ ಆದಂತೆ ಅಂದುಕೊಳ್ಳುತ್ತೇವೆ.

ಕಾನ್ಸಾಸ್ ಅಕ್ಕ

ನಾನು ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

2017ರ ಫೆಬ್ರವರಿ 22. ನಮ್ಮ ಕಾನ್ಸಾಸ್‌ನ ಓಲೇಥಾ ಊರಿನ ಒಂದು ಬಾರ್ ಅಂಡ್ ಗ್ರಿಲ್. ಗಾರ್ಮಿನ್ ಕಂಪನಿಯ ಎಂಜಿನಿಯರ್ ಶ್ರೀನಿವಾಸ್ ಕೂಚಿಭೊಟ್ಲ, ಹೈದರಾಬಾದಿನವರು, ಗೆಳೆಯನ ಜೊತೆ ಕೂತಿದ್ದರು. ಆಡಂ ಪ್ಯೂರಿಂಟನ್ ಅನ್ನುವವನು ನಮ್ಮ ದೇಶ ಬಿಟ್ಟು ಹೋಗಿ ಅಂತ ಕೂಗಿ ಗುಂಡು ಹಾರಿಸಿದ. ಶ್ರೀನಿವಾಸ್ ಹೋದರು. ತಡೆಯಲು ಹೋದ ಇಯಾನ್ ಗ್ರಿಲಟ್‌ಗೂ ಗುಂಡು ಬಿತ್ತು. ಓಡಿಹೋದ ಪ್ಯೂರಿಂಟನ್ ಇನ್ನೊಂದು ಊರಿನ ಹೋಟೆಲಿನಲ್ಲಿ, ಇಬ್ಬರು ಇರಾನಿಗಳಿಗೆ ಹೊಡೆದೆ ಅಂದನಂತೆ.

ನೋಡಿ, ಮತ್ತೆ ಅದೇ. ಆ ವಾರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ "ಇರಾನಿ ಅಂದುಕೊಂಡು ಹೊಡೆದನಂತೆ, ಛೆ" ಅಂತ ಎಷ್ಟು ಮೆಸೇಜು! ನಾನೂ ಕಳಿಸಿದ್ದೇನೆ. ಮಾರನೇ ವಾರ ನಮ್ಮ ಆಫೀಸಿನಲ್ಲಿ ಇರಾನಿನ ಒಬ್ಬ ಹುಡುಗಿ ಕಾಫಿ ಮೆಷಿನ್ ಹತ್ತಿರ ಸಿಕ್ಕಳು. ಅವಳ ಮುಖ ನೋಡಲು ಆಗಲಿಲ್ಲ. ಅಮ್ಮ ಊರಿಂದ ಫೋನ್ ಮಾಡಿ, ಅಂಗಡಿಯಲ್ಲಿ ಕನ್ನಡ ಮಾತಾಡಬೇಡ, ಇಂಗ್ಲಿಷಿನಲ್ಲೇ ಮಾತಾಡು ಅಂದರು. ಮೂರು ತಿಂಗಳು ಮಗಳ ಜೊತೆ ವಾಲ್‌ಮಾರ್ಟ್‌ನಲ್ಲಿ ಇಂಗ್ಲಿಷ್ ಮಾತಾಡಿದೆ. ಈಗ ನೆನೆಸಿಕೊಂಡರೆ ನಾಚಿಕೆ.

ಶ್ರೀನಿವಾಸ್ ಹೆಂಡತಿ ಸುನಯನಾ ದುಮಾಲ ಏನು ಮಾಡಿದರು ನೋಡಿ. ಗಂಡ ಸತ್ತ ಮೇಲೆ ಅವರ ವೀಸಾ ಸ್ಥಿತಿಯೇ ಅಲ್ಲಾಡಿತ್ತು. ಅಂಥದ್ದರಲ್ಲಿ ಕಾನ್ಸಾಸ್‌ಗೇ ವಾಪಸ್ ಬಂದರು, 'ಫಾರೆವರ್ ವೆಲ್ಕಮ್' ಅಂತ ಶುರು ಮಾಡಿದರು. ಇಲ್ಲಿನವರ ಮುಂದೆ ನಿಂತು ಮಾತಾಡಿದರು. ಅವರ ಬಗ್ಗೆಯೂ ಒಂದು ಕಿರುಚಿತ್ರ ಬಂತು. 2018ರಲ್ಲಿ ಪ್ಯೂರಿಂಟನ್‌ಗೆ ಜೀವಾವಧಿ ಶಿಕ್ಷೆ ಆಯಿತು. ಚಿನ್ ಕಾಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸುಮ್ನೆ ಬಂದಿಲ್ಲ, ಆ ಹೋಟೆಲಿನ ಟೇಬಲ್ಲಿಗೂ ಇದರಲ್ಲಿ ಪಾಲಿದೆ ಅಂತ ನನ್ನ ನಂಬಿಕೆ.

ಮೆಜೆಸ್ಟಿಕ್ ಪ್ಲಾಟ್‌ಫಾರಂ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಅಮೆರಿಕದ ವಿಷಯದಲ್ಲಿ ನನಗೇನು ಕೆಲಸ ಅನ್ನಬೇಡಿ.

2012ರ ಆಗಸ್ಟ್. ಅಸ್ಸಾಮಿನ ಗಲಭೆ ಆದ ಮೇಲೆ ಇಲ್ಲಿ ಒಂದು ವದಂತಿ ಹಬ್ಬಿತು. ಈಶಾನ್ಯದವರಿಗೆ ಹೊಡೆಯುತ್ತಾರೆ ಅಂತ. ಮೂರು ನಾಲ್ಕು ದಿನದಲ್ಲಿ ಸಾವಿರಾರು ಜನ ಬ್ಯಾಗು ಹಿಡಿದು ರೈಲ್ವೆ ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಟ್ಟರು. ಒಂದು ಸಲಕ್ಕೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಅಂತ ಸರಕಾರ ಆದೇಶ ಮಾಡಿತು. ನಾನು ಪ್ಲಾಟ್‌ಫಾರಂನಲ್ಲಿ ನಿಂತು ನೋಡಿದ್ದೇನೆ. ನಮ್ಮ ಬೀದಿಯ ಸಲೂನ್ ಹುಡುಗ ಸಿಕ್ಕ. ನಾಲ್ಕು ವರ್ಷ ಅವನ ಕೈಯಲ್ಲಿ ಕ್ಷೌರ ಮಾಡಿಸಿಕೊಂಡಿದ್ದೆ, ಅವನು ಯಾವ ಊರಿನವನು ಅಂತ ಅವತ್ತು ಮೊದಲ ಸಲ ಕೇಳಿದೆ. ಅಲ್ಲಿಯ ತನಕ ನಮ್ಮ ಮನೆಯಲ್ಲಿ ಅವನು 'ನೇಪಾಳಿ'. ಅವನು ನೇಪಾಳಿ ಅಲ್ಲ, ಮಣಿಪುರದವನು.

2014ರಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾಗೆ ಹೊಡೆದರು, ಪ್ರಾಣ ಹೋಯಿತು. ಶುರುವಾದದ್ದು ಅವನ ಕೂದಲನ್ನು ಗೇಲಿ ಮಾಡಿದ್ದರಿಂದ. ಆಮೇಲೆ ಈಶಾನ್ಯದವರ ಕಷ್ಟ ವಿಚಾರಿಸಲು ಬೆಜ್‌ಬರುವಾ ಸಮಿತಿ ಆಯಿತು, ವರದಿ ಬಂತು.

ನೀವು ಅಲ್ಲಿ ಚಿತ್ರ ತೋರಿಸಿ, ಖಂಡಿತ ತೋರಿಸಿ. ಆದರೆ ಮುಗಿದ ಮೇಲೆ, ಊರಲ್ಲಿ ನಾವು ಯಾರನ್ನು 'ಚಿಂಕಿ' ಅಂದಿದ್ದೇವೆ ಅಂತಲೂ ಒಂದು ಸಲ ಕೇಳಿ. ಬರೀ ನಾವು ಏಟು ತಿಂದವರು ಅಂದುಕೊಂಡು ಎದ್ದು ಹೋದರೆ ಅರ್ಧ ಚಿತ್ರ ಮಾತ್ರ ನೋಡಿದ ಹಾಗೆ.

ಹಾಸನದ ಮಳೆ

ಮೆಜೆಸ್ಟಿಕ್ ಅವರೇ, ನಾಲಿಗೆ ಕಚ್ಚಿಕೊಂಡೆ. ನಾನು ಹೇಳಿದ್ದೇನೆ ಆ ಪದ. ಹಾಸ್ಟೆಲಿನಲ್ಲಿ, ಎಷ್ಟೋ ಸಲ.

ಟೂಲ್‌ರೂಮ್ ತಾತ

ನಾನು ಒಂದು ಮಾತು ಹೇಳಲೇ? ಯುಗಾದಿ ದಿನ ಬೇಡ. ಕೂಟದವರ ಜೊತೆ ಜಗಳವೂ ಬೇಡ. ಹಬ್ಬದ ದಿನ ಜನ ಬರುವುದು ಒಬ್ಬಟ್ಟಿಗೆ, ಅದು ತಪ್ಪಲ್ಲ. ಜೂನ್ ತಿಂಗಳಲ್ಲಿ ಒಂದು ಶನಿವಾರ ಲೈಬ್ರರಿಯ ಕೋಣೆ ಹಿಡಿಯೋಣ. ಮೂವತ್ತು ಜನ ಬಂದರೂ ಸಾಕು. ಚೀನೀ ಸಂಘದವರನ್ನೂ ಕರೆಯೋಣ. ನಮ್ಮದು ಅಂತ ಮಾಡಿ ಅವರನ್ನು ಕರೆಯದೆ ಇದ್ದರೆ ಅದಕ್ಕಿಂತ ಪೆದ್ದತನ ಇಲ್ಲ. ಅವರು ಎಷ್ಟೋ ವರ್ಷದಿಂದ ಇದನ್ನು ನಡೆಸಿಕೊಂಡು ಬಂದಿದ್ದಾರೆ. 2022ರಲ್ಲಿ ನಲವತ್ತು ವರ್ಷ ಆದಾಗ ಡೆಟ್ರಾಯಿಟ್‌ನಲ್ಲಿ ನಾಲ್ಕು ದಿನ ಕಾರ್ಯಕ್ರಮ ಮಾಡಿದರು. ನಾನು ಒಂದು ದಿನ ಹೋಗಿದ್ದೆ, ಹಿಂದಿನ ಸಾಲಿನಲ್ಲಿ ಕೂತು ಬಂದೆ. ಯಾರ ಹತ್ತಿರವೂ ಮಾತಾಡಲಿಲ್ಲ.

ಲಾಯರ್ ಸೊಸೆ

ತಾತನ ಮಾತಿಗೆ ನನ್ನದೂ ಓಟು. ಎರಡು ವಿಷಯ. ಒಂದು, ಸಾರ್ವಜನಿಕವಾಗಿ ತೋರಿಸಲು ಅನುಮತಿ ಬೇಕು. ಮನೆಯ ಖಾತೆಯಿಂದ ಸುಮ್ನೆ ಹಾಕಿಬಿಡಬೇಡಿ, ವಿತರಕರಿಗೆ ಬರೆದು ಪರವಾನಗಿ ತಗೊಳ್ಳಿ. ಎರಡು, ಬೈಗುಳ ಇದೆ, ಚಿಕ್ಕ ಮಕ್ಕಳು ಬೇಡ. ಹೈಸ್ಕೂಲ್ ಮಕ್ಕಳು ಬರಲಿ.

ಕಾಫಿಪುಡಿ

ಪರವಾನಗಿ ಖರ್ಚಿನಲ್ಲಿ ಅರ್ಧ ನನ್ನದು. ಆದರೆ ಒಂದು ಷರತ್ತು. ಮುಗಿದ ಮೇಲೆ ಭಾಷಣ ಬೇಡ. ನಮ್ಮವರಿಗೆ ಮೈಕ್ ಸಿಕ್ಕರೆ ಬಿಡುವುದಿಲ್ಲ, ಗೊತ್ತಲ್ಲ. ತಾತ ಒಬ್ಬರೇ ಆ 'ಓ, ನೀನಾ' ಕಥೆ ಹೇಳಲಿ, ಸಾಕು.

ಟೂಲ್‌ರೂಮ್ ತಾತ

ನನಗೆ ಜನರ ಮುಂದೆ ಮಾತು ಬರುವುದಿಲ್ಲಪ್ಪ.

ಕಾನ್ಸಾಸ್ ಅಕ್ಕ

ತಾತ, ಲಿಲಿ ಚಿನ್‌ಗೂ ಬರುತ್ತಿರಲಿಲ್ಲ.

ವುಡ್‌ವರ್ಡ್ ವಾಸಿ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಲೈಬ್ರರಿಗೆ ಹೋಗಿದ್ದೆ. ಜೂನ್ ಮೂರನೇ ಶನಿವಾರ ಮಧ್ಯಾಹ್ನ ಎರಡರಿಂದ ಐದು ಕೋಣೆ ಖಾಲಿ ಇದೆ, ಬರೆಸಿ ಬಂದೆ. ನಲವತ್ತು ಕುರ್ಚಿ. ಪ್ರೊಜೆಕ್ಟರ್ ಅವರದೇ. ವಿತರಕರಿಗೆ ಮೇಲ್ ಹಾಕಿದ್ದೇನೆ. ಚೀನೀ ಸಂಘದ ಒಬ್ಬ ಹಿರಿಯರಿಗೆ ಫೋನ್ ಮಾಡಿದೆ. ಕನ್ನಡದವರು ಅಂದರೆ ಯಾರು ಅಂತ ಕೇಳಿದರು. ಹತ್ತು ನಿಮಿಷ ಅದೇ ಮಾತಾಯಿತು. ಬರುತ್ತೇವೆ ಅಂದಿದ್ದಾರೆ.

ಇಂಗ್ಲಿಷ್ ಬರದ ಹಿರಿಯರು ಐದಾರು ಜನ ಬರಬಹುದು. ನಮ್ಮಮ್ಮನ ಪಕ್ಕ ನಾನು ಕೂರುತ್ತೇನೆ. ಉಳಿದವರ ಪಕ್ಕ ಕೂತು ಕನ್ನಡದಲ್ಲಿ ಮೆಲ್ಲಗೆ ಹೇಳಲು ಯಾರು ಯಾರು ಬರ್ತೀರಿ? ಇಲ್ಲೇ ಕೆಳಗೆ ಹೆಸರು ಹಾಕಿ.

ಹಾಸನದ ಮಳೆ

ನಾನು ಒಬ್ಬ.